ಕಕ್ಕೆ, ಬಾಗೆ, ಬಸವನಪಾದದ ಬೀಜಕ್ಕೆ ದುಂಬಿ ಬಿದ್ದರೆ

ಬೀಜದ ರಾಶಿಯಲ್ಲಿ ತೂತು ಬಿದ್ದ ಬೀಜ ಕಂಡರೆ ಎಲ್ಲರಿಗೂ ಗಾಬರಿ. ಆದರೆ ಆ ತೂತಿನಿಂದ ದುಂಬಿ ಆಗಲೇ ಹೊರಗೆ ಹೋಗಿ ಆಗಿದೆ. ತಲೆ ಕೆಡಿಸಿಕೊಳ್ಳಬೇಕಾದ್ದು ಅದೇ ರಾಶಿಯಲ್ಲಿ ತೂತಿಲ್ಲದೆ ನುಣ್ಣಗೆ ಹೊಳೆಯುತ್ತಿರುವ ಉಳಿದ ಬೀಜಗಳ ಬಗ್ಗೆ. ಅವುಗಳಲ್ಲಿ ಎಷ್ಟರೊಳಗೆ ಮರಿಹುಳು ಕೂತು ಬೇಳೆ ತಿನ್ನುತ್ತಿದೆ ಎಂಬುದು ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಹಾಳಾದದ್ದನ್ನು ಆರಿಸಿ ಎಸೆದು, ಉಳಿದದ್ದನ್ನು ಡಬ್ಬಿಗೆ ತುಂಬಿಟ್ಟವರು ಎರಡು ತಿಂಗಳ ಮೇಲೆ ಡಬ್ಬಿ ತೆಗೆದರೆ ತಳದಲ್ಲಿ ಹಿಟ್ಟು, ಅದರ ಮೇಲೆ ಓಡಾಡುವ ದುಂಬಿ ಕಾಣುವುದು ಇದೇ ಕಾರಣಕ್ಕೆ.

ಈ ದುಂಬಿಗಳ ಗುಂಪಿಗೆ ಬ್ರೂಕಿಡ್ ಎಂದು ಹೆಸರು. ಎಲೆ ತಿನ್ನುವ ದುಂಬಿಗಳ ಕುಟುಂಬಕ್ಕೇ ಸೇರಿದ ಒಂದು ಕವಲು ಇದು. ಲೋಕದಲ್ಲಿ ಸುಮಾರು 1700 ಪ್ರಭೇದಗಳಿವೆ. ಹೆಚ್ಚಿನವಕ್ಕೆ ಬೇಳೆಕಾಳಿನ ಜಾತಿಯ ಗಿಡಮರಗಳ ಬೀಜವೇ ಬೇಕು. ಹೆಸರುಕಾಳು, ಅಲಸಂದೆಗೆ ಬೀಳುವ ದುಂಬಿಯೂ ಇದೇ ಬಳಗದ್ದು. ಉದ್ಯಾನಕ್ಕೂ ರಸ್ತೆಬದಿಗೂ ಹಾಕುವ ಹೂಮರಗಳಲ್ಲಿ ಉದ್ದ ಕಾಯಿ ಬಿಡುವ ಬಹಳಷ್ಟು ಮರಗಳು ಇದೇ ಜಾತಿಯವು: ಕಕ್ಕೆ, ಬಾಗೆ, ಮಳೆಮರ, ಬಸವನಪಾದ, ಹಾಲುವಾಣ. ಹಾಗಾಗಿ ಹೂಮರದ ಬೀಜ ಕೂಡಿಡುವವರಿಗೆ ಈ ದುಂಬಿಯ ಕಾಟ ತಪ್ಪಿದ್ದಲ್ಲ.

ದುಂಬಿಯನ್ನು ಗುರುತಿಸುವುದು

ಪ್ರೌಢ ದುಂಬಿ ಸಾಮಾನ್ಯವಾಗಿ 2 ರಿಂದ 5 ಮಿ.ಮೀ. ಉದ್ದ, ಕಂದು ಅಥವಾ ಬೂದುಗಂದು ಬಣ್ಣ, ಮೈಮೇಲೆ ಸಣ್ಣ ರೋಮದ ಮಚ್ಚೆ. ರೆಕ್ಕೆಯ ಗಟ್ಟಿ ಕವಚ ಹೊಟ್ಟೆಯ ತುದಿಯನ್ನು ಪೂರ್ತಿ ಮುಚ್ಚುವುದಿಲ್ಲ, ಹಿಂಭಾಗ ಒಂದಿಷ್ಟು ಹೊರಗೆ ಕಾಣುತ್ತದೆ. ಅಕ್ಕಿಯ ನುಸಿಗಿರುವಂಥ ಉದ್ದ ಮೂತಿ ಇದಕ್ಕಿಲ್ಲ. ಮುಟ್ಟಿದರೆ ಕಾಲು ಮಡಚಿ ಸತ್ತಂತೆ ಬಿದ್ದುಕೊಳ್ಳುತ್ತದೆ, ಅರ್ಧ ನಿಮಿಷ ಬಿಟ್ಟರೆ ಎದ್ದು ಓಡುತ್ತದೆ. ಜರಡಿಯ ಕೆಳಗೆ ಸಿಕ್ಕಿದ್ದನ್ನು ಸತ್ತಿದೆ ಎಂದು ಬಿಟ್ಟುಬಿಡಬೇಡಿ.

ಹುಣಸೆ, ಬಸವನಪಾದ, ಕಕ್ಕೆಯ ಕಾಯಿಗಳಲ್ಲಿ ಸಿಗುವ ಕ್ಯಾರಿಯೆಡಾನ್ ಸೆರಾಟಸ್ ಸ್ವಲ್ಪ ದೊಡ್ಡದು, 7 ಮಿ.ಮೀ.ವರೆಗೂ ಬೆಳೆಯುತ್ತದೆ. ಅದರ ಹಿಂದಿನ ತೊಡೆ ಊದಿಕೊಂಡಿದ್ದು, ಒಳ ಅಂಚಿನಲ್ಲಿ ಒಂದು ದೊಡ್ಡ ಮುಳ್ಳು, ಅದರ ಮುಂದೆ ಗರಗಸದ ಹಲ್ಲಿನಂತೆ ಸಣ್ಣ ಮುಳ್ಳುಗಳ ಸಾಲು. ಭೂತಗನ್ನಡಿ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ಇದರ ಮರಿಹುಳು ಬಲಿತ ಮೇಲೆ ಸಾಮಾನ್ಯವಾಗಿ ಬೀಜದಿಂದ ಹೊರಗೆ ಬಂದು, ಕಾಯಿಯ ಮೇಲೆ, ಚೀಲದ ಹೊಲಿಗೆಯಲ್ಲಿ, ಗೋಣಿಯ ತಳದಲ್ಲಿ ಕಾಗದದಂಥ ಬಿಳಿಗೂಡು ಕಟ್ಟುತ್ತದೆ. ಬೀಜವನ್ನೆಲ್ಲ ಶುದ್ಧಮಾಡಿ ಹಳೆಯ ಗೋಣಿಗೇ ಮತ್ತೆ ತುಂಬಿದರೆ ಕೆಲಸವೆಲ್ಲ ನೀರಿಗೆ ಹಾಕಿದ ಹಾಗೆ.

ಬೇರೆ ಕೀಟಗಳ ಹಾನಿಯೊಂದಿಗೆ ಗೊಂದಲವಾಗುವುದುಂಟು. ಬ್ರೂಕಿಡ್ ಮಾಡಿದ ತೂತು ದುಂಡಗೆ, ಅಂಚು ಕತ್ತರಿಸಿದಷ್ಟು ನೀಟು, 1.5 ರಿಂದ 3 ಮಿ.ಮೀ. ಅಗಲ. ತೂತು ವಕ್ರವಾಗಿದ್ದು, ಕಾಯಿಯೊಳಗೆ ಒದ್ದೆ ಹಿಕ್ಕೆ, ನೂಲಿನಂಥ ಬಲೆ ಇದ್ದರೆ ಅದು ಕಾಯಿಕೊರಕ ಕಂಬಳಿಹುಳುವಿನ ಕೆಲಸ. ತೂತು ಗುಂಡುಸೂಜಿಯ ಮೊನೆಯಷ್ಟೇ ಸಣ್ಣದಿದ್ದರೆ ಅಲ್ಲಿಂದ ಬಂದದ್ದು ಕಣಜ. ಅದು ಬೀಜವನ್ನೇ ತಿನ್ನುವ ಕಣಜವಾಗಿರಬಹುದು, ಇಲ್ಲವೇ ದುಂಬಿಯ ಮರಿಹುಳುವನ್ನು ತಿಂದು ಬೆಳೆದ ಪರಾವಲಂಬಿಯಾಗಿರಬಹುದು. ಎರಡನೆಯದು ನಿಮ್ಮ ಪಕ್ಷದ್ದು. ಆದರೂ ಆ ಬೀಜವಂತೂ ಹೋದ ಹಾಗೆಯೇ.

ಎರಡು ಬಗೆಯ ದುಂಬಿ, ಎರಡು ಬಗೆಯ ಲೆಕ್ಕ

ಮೊಟ್ಟೆ ಎಲ್ಲಿ ಇಡುತ್ತದೆ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಕೆಲವು ಪ್ರಭೇದಗಳು ಎಳೆಯ ಹಸಿರು ಕಾಯಿಯ ಮೇಲೆ ಮಾತ್ರ ಮೊಟ್ಟೆ ಅಂಟಿಸುತ್ತವೆ. ಮೊಟ್ಟೆಯ ತಳದಿಂದಲೇ ಮರಿಹುಳು ನೇರ ಕಾಯಿಯೊಳಗೆ ಇಳಿಯುತ್ತದೆ. ಕೂದಲೆಳೆಯಷ್ಟು ಸಣ್ಣ ಆ ದಾರಿ ಕಾಯಿ ಬೆಳೆದಂತೆ ಮುಚ್ಚಿಹೋಗುತ್ತದೆ. ಹೊರಗಿನಿಂದ ಕಾಯಿ ಚೊಕ್ಕ. ಬೀಜ ಬಲಿಯುವ ಹೊತ್ತಿಗೆ ಹುಳುವೂ ಬಲಿತಿರುತ್ತದೆ. ಇಂಥ ದುಂಬಿ ಒಣಗಿದ ಬೀಜದ ಮೇಲೆ ಮತ್ತೆ ಮೊಟ್ಟೆ ಇಡುವುದಿಲ್ಲ. ಅಂದರೆ ನೀವು ತಂದ ಬೀಜದಲ್ಲಿ ಎಷ್ಟು ಹಾಳಾಗಬೇಕೋ ಅಷ್ಟು ಮರದ ಮೇಲೇ ನಿಗದಿಯಾಗಿರುತ್ತದೆ, ಡಬ್ಬಿಯಲ್ಲಿ ಹೆಚ್ಚುವುದಿಲ್ಲ.

ಇನ್ನು ಕೆಲವು ಒಣಗಿದ ಕಾಯಿಯ ಮೇಲೂ, ಕಾಯಿಯಿಂದ ಬಿಡಿಸಿದ ಬೀಜದ ಮೇಲೂ ಮೊಟ್ಟೆ ಇಡುತ್ತವೆ. ಕ್ಯಾರಿಯೆಡಾನ್ ಹೀಗೆ. ಸುಬಾಬುಲ್ ಬೀಜದ ಅಕ್ಯಾಂಥೋಸೆಲಿಡೀಸ್ ಮ್ಯಾಕ್ರೋಫ್ಥಾಲ್ಮಸ್ ಕೂಡ ಹೀಗೆ. ಬೆಚ್ಚಗಿನ ಕೋಣೆಯಲ್ಲಿ ಆರೆಂಟು ವಾರಕ್ಕೊಂದು ತಲೆಮಾರು. ಚೀಲದಲ್ಲಿ ಬೆರಳೆಣಿಕೆಯಷ್ಟು ಬೀಜಕ್ಕೆ ಬಿದ್ದ ಹುಳು ಮೂರನೆಯ ತಲೆಮಾರಿಗೆ ಇಡೀ ಚೀಲವನ್ನು ತಿಂದುಹಾಕಬಲ್ಲದು. ಇಲ್ಲಿ ಒಂದು ವಾರ ತಡಮಾಡಿದರೂ ಲೆಕ್ಕಕ್ಕೆ ಬರುತ್ತದೆ.

ನಿಮ್ಮದು ಯಾವ ಬಗೆ ಎಂದು ತಿಳಿಯುವ ದಾರಿ ಸರಳ. ಕೈಗೆ ಬಂದ ರಾಶಿಯಿಂದ 100 ಬೀಜ ಗಾಜಿನ ಬಾಟಲಿಗೆ ಹಾಕಿ, ಬಾಯಿಗೆ ಒತ್ತು ನೇಯ್ಗೆಯ ತೆಳು ಬಟ್ಟೆ ಕಟ್ಟಿ, ನೆರಳಿನಲ್ಲಿಡಿ. ವಾರಕ್ಕೊಮ್ಮೆ ಹೊರಬಂದ ದುಂಬಿಗಳನ್ನು ಎಣಿಸಿ ಬರೆದಿಡಿ, ಆದರೆ ತೆಗೆಯಬೇಡಿ. ಮೊದಲು ಒಂದಿಷ್ಟು ಬಂದು ನಿಂತುಹೋದರೆ ಹಸಿರು ಕಾಯಿಯ ಬಗೆ. ಒಂದೂವರೆ–ಎರಡು ತಿಂಗಳ ಮೇಲೆ ಎರಡನೆಯ ಅಲೆ ಎದ್ದರೆ, ಬೀಜದ ಮೈಮೇಲೆ ಅರ್ಧ ಮಿ.ಮೀ.ನಷ್ಟು ಅಂಡಾಕಾರದ ಮೊಟ್ಟೆಗಳು ಅಂಟಿದ್ದರೆ, ಗೋದಾಮಿನಲ್ಲೂ ಹೆಚ್ಚುವ ಬಗೆ. ಫಲಿತಾಂಶ ಬರುವವರೆಗೆ ಉಳಿದ ರಾಶಿಯನ್ನು ಎರಡನೆಯ ಬಗೆಯೆಂದೇ ಭಾವಿಸಿ ನಡೆಸಿಕೊಳ್ಳಿ.

ಕಾಯಿ ಕೀಳುವ ಹೊತ್ತು

ಬೀಜ ಉಳಿಸಿಕೊಳ್ಳುವ ಕೆಲಸದಲ್ಲಿ ಅರ್ಧ ಪಾಲು ಇಲ್ಲೇ ಮುಗಿಯುತ್ತದೆ. ನೆಲಕ್ಕೆ ಬಿದ್ದ ಕಾಯಿಯನ್ನು ಆರಿಸುವುದು ಸುಲಭ, ಆದರೆ ಅದೇ ಅತ್ಯಂತ ಹುಳುಕು ಮಾಲು. ಬಿದ್ದ ಕಾಯಿಗೆ ದುಂಬಿ ಮತ್ತೆ ಮತ್ತೆ ಮೊಟ್ಟೆ ಇಟ್ಟಿರುತ್ತದೆ. ಬಾಗೆಯ ಒಣಹುಲ್ಲಿನ ಬಣ್ಣದ ಚಪ್ಪಟೆ ಕಾಯಿಗಳು ತಿಂಗಳುಗಟ್ಟಲೆ ಮರದಲ್ಲೇ ಗಲಗಲ ಎನ್ನುತ್ತ ನೇತಾಡುತ್ತವೆ. ಬೇಕಾದಾಗ ಕಿತ್ತರಾಯಿತು ಎಂದು ಬಿಟ್ಟರೆ ಅಷ್ಟು ದಿನವೂ ದುಂಬಿಗೆ ಔತಣ.

ಕಾಯಿ ಹಸಿರು ಬಿಟ್ಟು ಬಣ್ಣ ತಿರುಗಿ, ಒಳಗಿನ ಬೀಜ ಉಗುರಿಗೆ ಬಗ್ಗದಷ್ಟು ಗಟ್ಟಿಯಾದ ಕೂಡಲೇ ದೋಟಿ ಹಾಕಿ ಕೀಳಿ. ಅದಕ್ಕೂ ಮುಂಚೆ ಪ್ರತಿ ಮರದಿಂದ ಬೇರೆ ಬೇರೆ ಕೊಂಬೆಯ ಹತ್ತು ಕಾಯಿ ಇಳಿಸಿ ಸೀಳಿ ನೋಡಿ. ಒಂದೇ ಸಾಲಿನಲ್ಲಿ ನಿಂತ ಒಂದೇ ಜಾತಿಯ ಎರಡು ಮರಗಳ ನಡುವೆ ಹಾನಿಯಲ್ಲಿ ಅಜಗಜಾಂತರ ಇರುತ್ತದೆ. ಮೂರರಲ್ಲೊಂದು ಬೀಜ ಹುಳುಕಾಗಿದ್ದರೆ ಆ ಮರವನ್ನು ಬಿಟ್ಟು ಮುಂದಿನದಕ್ಕೆ ಹೋಗುವುದೇ ಲಾಭ.

ಅಪರೂಪದ ಮರ, ಬೇರೆ ದಾರಿಯಿಲ್ಲ ಎಂದಾದರೆ ಗೊಂಚಲಿಗೆ ಚೀಲ ಕಟ್ಟಬಹುದು. ದಳ ಉದುರಿ ಕಾಯಿ ಕಿರುಬೆರಳಿನಷ್ಟಾಗುವ ಮೊದಲೇ ಕಟ್ಟಬೇಕು. ಆಮೇಲೆ ಕಟ್ಟಿದರೆ ಮೊಟ್ಟೆಯನ್ನೂ ಸೇರಿಸಿ ಕಟ್ಟಿದಂತೆ. ಸೊಳ್ಳೆಪರದೆ ಆಗದು, ಸಣ್ಣ ದುಂಬಿ ಅದರ ಕಣ್ಣಿನಲ್ಲಿ ತೂರುತ್ತದೆ. ಮಸ್ಲಿನ್ ಅಥವಾ ಆರ್ಗಂಜಾ ಬಟ್ಟೆ ಸರಿ. ಕಾಯಿ ಬೆಳೆಯಲು ಜಾಗ ಬಿಟ್ಟು, ಬಾಯಿಯನ್ನು ರೆಂಬೆಗೆ ಹತ್ತಿಯ ತುಂಡು ಸುತ್ತಿ ಬಿಗಿಯಿರಿ.

ಕಿತ್ತ ಕಾಯಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತರಬೇಡಿ. ಒಳಗೆ ಬೆವತು ಬೂಷ್ಟು ಹಿಡಿಯುತ್ತದೆ, ಬಿಸಿಗೆ ಹುಳು ಬೇಗ ಬೆಳೆಯುತ್ತದೆ. ಗೋಣಿ ಅಥವಾ ಬಟ್ಟೆಚೀಲ ಸಾಕು. ತಂದ ಎರಡು ಮೂರು ದಿನದೊಳಗೆ ಬೀಜ ಬಿಡಿಸಿಬಿಡಿ. ಬಾಗೆ, ಬಸವನಪಾದದ ಕಾಯಿಯನ್ನು ಚೀಲದಲ್ಲಿ ಹಾಕಿ ಕೋಲಿನಿಂದ ಬಡಿದು ಮೊರದಲ್ಲಿ ಕೇರಿದರೆ ಮುಗಿಯಿತು. ಕಕ್ಕೆಯದು ರಗಳೆ. ಮೊಳದುದ್ದದ ಕೊಳವೆಯಂಥ ಕಾಯಿಯಲ್ಲಿ ಬಿಲ್ಲೆಬಿಲ್ಲೆಯಾಗಿ ಅಡ್ಡಗೋಡೆ, ಒಂದೊಂದು ಕೋಣೆಯಲ್ಲಿ ಒಂದೊಂದು ಬೀಜ, ಸುತ್ತ ಅಂಟು ಕಪ್ಪು ತಿರುಳು. ಕಾಯಿಯನ್ನು ಉದ್ದಕ್ಕೆ ಒಡೆದು, ಬಿಲ್ಲೆಗಳನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಬೆಳಗ್ಗೆ ಮರಳು ಸೇರಿಸಿ ಉಜ್ಜಿ ತೊಳೆಯಬೇಕು. ತಿರುಳು ಉಳಿದರೆ ಬೂಷ್ಟು ಖಂಡಿತ. ಈ ನೆನೆಸುವ ಹೊತ್ತಿನಲ್ಲೇ ಉಬ್ಬಿಕೊಂಡ ಬೀಜಗಳ ಮೇಲೆ ಒಂದು ಕಣ್ಣಿರಲಿ, ಕಾರಣ ಮುಂದೆ ಬರುತ್ತದೆ.

ಹುಳು ಬಿದ್ದ ಕಾಯಿಯ ರಾಶಿಯಲ್ಲಿ ಕೆಲವೊಮ್ಮೆ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಇರುತ್ತದೆ. ದುಂಬಿಯ ಮರಿಹುಳುವನ್ನು ತಿನ್ನುವ ಈ ಪೈಯೆಮೋಟಿಸ್ ನುಸಿ ಮನುಷ್ಯರನ್ನೂ ಕಚ್ಚುತ್ತದೆ. ಕಾಯಿ ಬಿಡಿಸಿದ ರಾತ್ರಿ ತೋಳು, ಹೊಟ್ಟೆಯ ಮೇಲೆ ಕೆಂಪು ಗುಳ್ಳೆ ಎದ್ದು ತುರಿಸಿದರೆ ಕಾಯಿಯ ಅಲರ್ಜಿ ಎಂದುಕೊಳ್ಳುವವರು ಬಹಳ. ತುಂಬುತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡು ಬಯಲಿನಲ್ಲಿ ಕೂತು ಬಿಡಿಸಿ, ಕೆಲಸ ಮುಗಿದ ಕೂಡಲೇ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ.

ಗಟ್ಟಿ ಬೀಜ, ಹುಳುಕು ಬೀಜ ಬೇರ್ಪಡಿಸುವುದು

ಮೊದಲು ಕಣ್ಣಿನ ಪರೀಕ್ಷೆ. ತೂತು, ಬಿರುಕು, ಸುಕ್ಕು ಇರುವುದನ್ನೆಲ್ಲ ತೆಗೆಯಿರಿ. ಉಳಿದದ್ದನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಬೀಜದೊಳಗೇ ಕೋಶವಾಗುವ (ಮರಿಹುಳು ದುಂಬಿಯಾಗುವ ನಡುವಿನ ಹಂತ) ಪ್ರಭೇದಗಳಲ್ಲಿ, ಬಲಿತ ಮರಿಹುಳು ಹೊರಗಿನ ಸಿಪ್ಪೆಯವರೆಗೂ ತಿಂದು, ಸಿಪ್ಪೆಯನ್ನು ಮಾತ್ರ ತೆಳುಪೊರೆಯಾಗಿ ಬಿಟ್ಟಿರುತ್ತದೆ. ಆ ಜಾಗ ಸುತ್ತಲಿಗಿಂತ ಮಬ್ಬಾದ ದುಂಡು ಮಚ್ಚೆಯಾಗಿ ಕಾಣುತ್ತದೆ. ಸೂಜಿಯಿಂದ ಒತ್ತಿದರೆ ಡಬ್ಬಿಯ ಮುಚ್ಚಳದಂತೆ ಕಳಚಿ ಬೀಳುತ್ತದೆ, ಒಳಗೆ ಕೆನೆಬಣ್ಣದ ಕೋಶವೋ ಹೊರಡಲು ಸಿದ್ಧವಾದ ದುಂಬಿಯೋ ಇರುತ್ತದೆ.

ಆಮೇಲೆ ನೀರಿನ ಪರೀಕ್ಷೆ. ಬಕೆಟ್ಟಿಗೆ ಮುಕ್ಕಾಲು ನೀರು, ಅದಕ್ಕೆ ಎರಡು ಮೂರು ಹನಿ ಪಾತ್ರೆ ತೊಳೆಯುವ ಸೋಪು. ಸೋಪು ಹಾಕದಿದ್ದರೆ ಒಳ್ಳೆಯ ಬೀಜವೂ ಮೈಗೆ ಗಾಳಿಗುಳ್ಳೆ ಅಂಟಿಸಿಕೊಂಡು ತೇಲುತ್ತದೆ. ಬೀಜ ಸುರಿದು ಚೆನ್ನಾಗಿ ಕದಡಿ, ಐದು ನಿಮಿಷ ಬಿಟ್ಟು, ತೇಲಿದ ಜೊಳ್ಳನ್ನು ಜಾಲರಿಯಿಂದ ತೆಗೆಯಿರಿ. ಮುಳುಗಿದ್ದನ್ನು ಕೂಡಲೇ ಬಸಿದು ನೆರಳಿನಲ್ಲಿ ಹರಡಿ.

ಈ ಪರೀಕ್ಷೆಯನ್ನು ಜನ ನಂಬುವಷ್ಟು ನಂಬಬಾರದು. ಮರಿಹುಳು ಎಳೆಯದಿದ್ದರೆ ಅದು ತಿಂದ ಪೊಳ್ಳು ಸಾಸಿವೆಯಷ್ಟೂ ಇರುವುದಿಲ್ಲ, ಬೀಜ ಮುಳುಗಿಯೇ ಮುಳುಗುತ್ತದೆ. ಇನ್ನು ಹಾಲುವಾಣದ ಬೀಜಕ್ಕೆ ಈ ಪರೀಕ್ಷೆ ಪೂರ್ತಿ ನಿರುಪಯೋಗಿ. ಸಮುದ್ರದ ನೀರಿನಲ್ಲಿ ತೇಲಿಕೊಂಡು ದಡದಿಂದ ದಡಕ್ಕೆ ಹೋಗುವ ಬೀಜ ಅದು, ಗಟ್ಟಿಯಿದ್ದದ್ದೂ ತೇಲುತ್ತದೆ. ತೇಲಿದ್ದನ್ನು ಎಸೆದರೆ ಒಳ್ಳೆಯ ಬೀಜವನ್ನೇ ಎಸೆದಂತೆ. ಅದಕ್ಕೆ ಕಣ್ಣಿನ ಪರೀಕ್ಷೆ, ತೂಕದ ಅಂದಾಜು ಎರಡೇ ದಾರಿ. ಹವಾಯಿಯಲ್ಲಿ ಹಾಲುವಾಣದ ಸೋದರ ಮರವಾದ ವಿಲಿವಿಲಿಯನ್ನು ಕಾಡುತ್ತಿರುವ ಸ್ಪೆಕ್ಯುಲೇರಿಯಸ್ ಇಂಪ್ರೆಸ್ಸಿಥೊರ್ಯಾಕ್ಸ್ ಎಂಬ ಆಫ್ರಿಕಾ ಮೂಲದ ದುಂಬಿ ಒಂದೇ ಬೀಜದಲ್ಲಿ ಹಲವು ತೂತು ಮಾಡುತ್ತದೆ. ದೊಡ್ಡ ಬೀಜ ಒಂದಕ್ಕಿಂತ ಹೆಚ್ಚು ಹುಳುವನ್ನು ಸಾಕಬಲ್ಲದು.

ಕೊನೆಗೆ ಕತ್ತರಿಸಿ ನೋಡುವುದು. ರಾಶಿಯ ಮೇಲೆ, ನಡುವೆ, ತಳ, ಅಂಚು ಹೀಗೆ ನಾಲ್ಕು ಕಡೆಯಿಂದ 25ರಂತೆ 100 ಬೀಜ ತೆಗೆದು ಸಿಕೇಚರ್ (ಗಿಡ ಸವರುವ ಕತ್ತರಿ) ಅಥವಾ ನೇಲ್ ಕಟರ್‌ನಿಂದ ಸೀಳಿ. ಬೇಳೆ ತುಂಬು, ಕೆನೆ ಅಥವಾ ಹಳದಿ ಬಣ್ಣ ಇದ್ದರೆ ಗಟ್ಟಿ. ಪುಡಿ, ಸುರಂಗ, ಕೊಂಕಿ ಕೂತ ಬಿಳಿ ಮರಿಹುಳು ಇದ್ದರೆ ಹುಳುಕು. ನೂರರಲ್ಲಿ 30 ಹುಳುಕಾದರೆ, 100 ಗಟ್ಟಿ ಬೀಜ ಬೇಕೆಂದಾಗ 100ನ್ನು 0.7ರಿಂದ ಭಾಗಿಸಿ 143 ಬಿತ್ತಬೇಕು. ಮೊಳಕೆಯ ಪ್ರಮಾಣ ಇದಕ್ಕಿಂತ ಇನ್ನೂ ಕಡಿಮೆಯೇ ಇರುತ್ತದೆ, ಅದನ್ನು ಬೇರೆಯಾಗಿ ಲೆಕ್ಕ ಹಾಕಿಕೊಳ್ಳಿ.

ಒಳಗಿರುವ ಹುಳು ಕೊಲ್ಲುವುದು

ನಮ್ಮ ಮಟ್ಟಿಗೆ ಮನೆಯವರಿಗೂ ಸಣ್ಣ ನರ್ಸರಿಗೂ ಫ್ರೀಜರ್‌ಗಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಮೊಟ್ಟೆ, ಮರಿಹುಳು, ಕೋಶ, ದುಂಬಿ ಎಲ್ಲವೂ ಸಾಯುತ್ತವೆ, ವಿಷದ ಹಂಗಿಲ್ಲ. ಆದರೆ ಬೀಜ ಒಣಗಿರಲೇಬೇಕು. ತೇವವಿದ್ದರೆ ಒಳಗಿನ ನೀರು ಮಂಜುಗಟ್ಟಿ ಮೊಳಕೆಯ ಕಣ್ಣು ಸೀಳುತ್ತದೆ. ಹುಳುವಿನ ಜೊತೆ ಬೀಜವೂ ಸಾಯುತ್ತದೆ. ನೆರಳು-ಗಾಳಿಯಲ್ಲಿ ನಾಲ್ಕೈದು ದಿನ, ಮೇಲೆ ಎರಡು ದಿನ ಬೆಳಗಿನ ಬಿಸಿಲು ಕೊಡಿ. ಅನುಮಾನವಿದ್ದರೆ ಒಣ ಬಾಟಲಿಗೆ ಒಂದು ಹಿಡಿ ಬೀಜ, ಎರಡು ಚಮಚ ಒಣ ಪುಡಿಯುಪ್ಪು ಹಾಕಿ ಕುಲುಕಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ ಸುಮಾರು ಶೇ. 15ರ ಮೇಲಿದೆ, ಇನ್ನೂ ಒಣಗಿಸಬೇಕು. ಅಂಟದಿದ್ದರೂ ಇನ್ನೆರಡು ದಿನ ಒಣಗಿಸುವುದು ಕ್ಷೇಮ, ಫ್ರೀಜರ್‌ಗೆ ಶೇ. 10ರ ಒಳಗಿದ್ದರೆ ಒಳ್ಳೆಯದು.

ಒಣಗಿದ ಬೀಜವನ್ನು ಅರ್ಧ ಕಿಲೋದ ಚಪ್ಪಟೆ ಪೊಟ್ಟಣ ಮಾಡಿ, ಗಾಳಿ ಹಿಂಡಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಿರಿ. ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ. ಐದು ಕಿಲೋ ಚೀಲವನ್ನು ಹಾಗೆಯೇ ತುರುಕಿದರೆ ನಡುವಿನ ಬೀಜಕ್ಕೆ ಚಳಿ ತಟ್ಟಲು ದಿನಗಳೇ ಬೇಕು, ಅಲ್ಲಿನ ಹುಳು ಬದುಕಿಬಿಡುತ್ತದೆ. ಹೊರತೆಗೆದ ಮೇಲೆ ಪೊಟ್ಟಣವನ್ನು ತಕ್ಷಣ ಬಿಚ್ಚಬಾರದು. ಕೋಣೆಯ ಬಿಸಿಗೆ ಬರುವವರೆಗೆ, ಅಂದರೆ ಒಂದು ರಾತ್ರಿ, ಹಾಗೇ ಬಿಡಿ. ಇಲ್ಲದಿದ್ದರೆ ತಣ್ಣನೆಯ ಬೀಜದ ಮೇಲೆ ಗಾಳಿಯ ತೇವ ಹನಿಗಟ್ಟಿ, ಒಣಗಿಸಿದ ಶ್ರಮವೆಲ್ಲ ವ್ಯರ್ಥ. ಫ್ರಿಜ್ಜಿನ ಕೆಳಗಿನ 4–5 ಡಿಗ್ರಿಯ ಭಾಗದಲ್ಲಿಟ್ಟರೆ ಹುಳು ಬೆಳೆಯುವುದು ನಿಲ್ಲುತ್ತದಷ್ಟೇ. ಹೊರಗೆ ತೆಗೆದ ಮೇಲೆ ಅದು ಮತ್ತೆ ತಿನ್ನಲು ಶುರುಮಾಡಬಹುದು.

ಫ್ರೀಜರ್ ಇಲ್ಲದಲ್ಲಿ ಬಿಸಿಲು. ಕಪ್ಪು ಪ್ಲಾಸ್ಟಿಕ್ ಹಾಳೆಯ ಮೇಲೆ 2–3 ಸೆಂ.ಮೀ. ದಪ್ಪಕ್ಕೆ ಬೀಜ ಹರಡಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಅಂಚುಗಳನ್ನು ಮಡಚಿ ಕಲ್ಲಿಡಿ. ತೆಳುವಾದ ಥರ್ಮಾಮೀಟರ್ ಒಂದನ್ನು ಬೀಜದ ನಡುವೆ ಚುಚ್ಚಿಡಿ. 55ರಿಂದ 60 ಡಿಗ್ರಿ ಮುಟ್ಟಿದ ಮೇಲೆ ಒಂದು ಗಂಟೆ ಹಾಗೇ ಇರಬೇಕು. 65 ದಾಟುವ ಸೂಚನೆ ಕಂಡರೆ ಮೇಲಿನ ಹಾಳೆ ಸರಿಸಿ. ಹಸಿ ಬೀಜಕ್ಕೆ ಇದನ್ನು ಮಾಡಿದರೆ ಬೀಜ ಬೇಯುತ್ತದೆ. ಹಾಳೆಯಿಲ್ಲದೆ ಬರಿಯ ಬಿಸಿಲಿಗೆ ಹಾಕಿದರೆ ದುಂಬಿಗಳು ಓಡಿಹೋಗುತ್ತವೆ, ಒಳಗಿನ ಮರಿಹುಳುವಿಗೆ ಏನೂ ಆಗುವುದಿಲ್ಲ.

ಗಾಳಿಯಾಡದ ಡಬ್ಬಿಯೂ ಕೆಲಸ ಮಾಡುತ್ತದೆ, ಆದರೆ ಕಂಠಮಟ್ಟ ತುಂಬಿದರೆ ಮಾತ್ರ. ಹುಳುಗಳೇ ಒಳಗಿನ ಆಮ್ಲಜನಕ ಮುಗಿಸಿ ಸಾಯಬೇಕು. ಅರ್ಧ ಖಾಲಿ ಡಬ್ಬಿಯಲ್ಲಿ ಅವಕ್ಕೆ ಉಸಿರಾಡಲು ಬೇಕಾದಷ್ಟು ಗಾಳಿ ಇರುತ್ತದೆ. ಒಂದು ತಿಂಗಳು ಮುಚ್ಚಳ ತೆಗೆಯಬೇಡಿ. ತೆಳು ಪಾಲಿಥೀನ್ ಕವರಿನ ಭರವಸೆ ಬೇಡ, ದುಂಬಿ ಒಳಗಿನಿಂದಲೇ ಕೊರೆದು ಹೊರಬರುತ್ತದೆ.

ಬೇವಿನೆಣ್ಣೆ ಸವರುವುದು ಬೀಜದ ಮೇಲಿನ ಮೊಟ್ಟೆಗೆ ಮಾರಕ, ಒಳಗೆ ಸೇರಿದ ಹುಳುವಿಗಲ್ಲ. ಬೂದಿ, ನುಸಿಗುಳಿಗೆ ಬಗ್ಗೆ ಹೇಳುವಷ್ಟೇನಿಲ್ಲ, ಬೀಜದೊಳಗಿನ ಹುಳುವಿಗೆ ಅವು ತಾಕುವುದಿಲ್ಲ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಬರುವ ಫಾಸ್ಫೀನ್ ಅನಿಲ ಮನುಷ್ಯರನ್ನೇ ಕೊಲ್ಲುತ್ತದೆ. ತರಬೇತಿ, ಪರವಾನಗಿ ಇಲ್ಲದವರು ಮುಟ್ಟಲೇಬಾರದು, ಮನೆಯೊಳಗಂತೂ ಎಂದಿಗೂ ಕೂಡದು. ಮರಕ್ಕೇ ಕೀಟನಾಶಕ ಸಿಂಪಡಿಸುವ ಯೋಚನೆಯನ್ನೂ ಬಿಡಿ. ಹೂವಿರುವಾಗ ಹೊಡೆದರೆ ಜೇನುಹುಳು ಸಾಯುತ್ತದೆ, ಕಾಯಿಯಾದ ಮೇಲೆ ಹೊಡೆದರೆ ಬೀಜದೊಳಗೆ ಔಷಧಿ ಇಳಿಯುವುದಿಲ್ಲ.

ಬಿತ್ತುವಾಗ

ಕಕ್ಕೆ, ಬಾಗೆಯಂಥ ಮರಗಳ ಗಟ್ಟಿ ಬೀಜ ತಣ್ಣೀರಿನಲ್ಲಿ ಒಂದು ದಿನ ಇಟ್ಟರೂ ಬಹುಪಾಲು ಉಬ್ಬುವುದಿಲ್ಲ, ಸಿಪ್ಪೆ ನೀರನ್ನು ಒಳಗೆ ಬಿಡುವುದಿಲ್ಲ. ತೂತು ಬಿದ್ದ ಬೀಜ ಮಾತ್ರ ಗಂಟೆಗಳಲ್ಲೇ ಊದುತ್ತದೆ. ಹಾಗಾಗಿ ಬಿಸಿನೀರಿನ ಉಪಚಾರಕ್ಕೆ ಮುಂಚೆ 24 ಗಂಟೆ ತಣ್ಣೀರಿನಲ್ಲಿ ನೆನೆಸಿ, ಉಬ್ಬಿದ್ದನ್ನು ಬೇರೆ ಮಾಡಿ. ಇವನ್ನು ಬಿಸಿನೀರಿಗೆ ಹಾಕಿದರೆ ಬೆಂದುಹೋಗುತ್ತವೆ, ಕೊಳೆತು ಪಕ್ಕದ ಬೀಜಕ್ಕೂ ಬೂಷ್ಟು ತಗುಲಿಸುತ್ತವೆ. ಉಬ್ಬಿದವುಗಳಲ್ಲಿ ಕೆಲವು ಸಿಪ್ಪೆ ಮೆತ್ತಗಿರುವ ಒಳ್ಳೆಯ ಬೀಜಗಳೂ ಇರುತ್ತವೆ. ಅವನ್ನು ಎಸೆಯದೆ ನೇರವಾಗಿ ಬೇರೆ ಮಡಿಯಲ್ಲಿ ಬಿತ್ತಿ. ಮೊಳಕೆಯ ಕಣ್ಣು ಉಳಿದಿದ್ದರೆ ತೂತಿನ ಬೀಜವೂ ಮೊಳೆಯಬಹುದು, ಆದರೆ ಬೇಳೆ ಅರ್ಧ ಖಾಲಿಯಾದ ಸಸಿ ಸೊರಗಿಯೇ ಏಳುತ್ತದೆ. ಉಬ್ಬದೆ ಉಳಿದದ್ದಕ್ಕೆ 80 ಡಿಗ್ರಿಯ ನೀರು ಸುರಿದು, ಅದೇ ನೀರಿನಲ್ಲಿ ತಣಿಯಲು ರಾತ್ರಿಯಿಡೀ ಬಿಡಿ.

ಆರಿಸಿ ತೆಗೆದ ಹುಳುಕು ಬೀಜ, ಖಾಲಿ ಕಾಯಿ, ಕೇರಿದ ಹೊಟ್ಟು ಇವನ್ನು ಗೊಬ್ಬರದ ಗುಂಡಿಗೆ ಎಸೆದರೆ ದುಂಬಿಗಳು ಅಲ್ಲಿಂದಲೇ ಹಾರಿ ಮರಕ್ಕೆ ಮರಳುತ್ತವೆ. ಕುದಿಯುವ ನೀರು ಸುರಿದು ಮುಚ್ಚಿಟ್ಟು, ಪೂರ್ತಿ ಆರಿದ ಮೇಲೆ ಗುಂಡಿಗೆ ಹಾಕಿ. ಮರದ ಬುಡದ ಕಾಯಿ ಗುಡಿಸುವುದು ಒಂಟಿ ಮರಕ್ಕೆ ಪ್ರಯೋಜನ. ಸುತ್ತ ಅದೇ ಜಾತಿಯ ಹತ್ತಾರು ಮರಗಳಿದ್ದರೆ ಒಬ್ಬರು ಗುಡಿಸಿ ಏನೂ ಆಗದು.

ಬೇರೆ ಊರಿಗೋ ದೇಶಕ್ಕೋ ಬೀಜ ಕಳಿಸುವುದಿದ್ದರೆ ಫ್ರೀಜರ್ ಉಪಚಾರ ಬಿಡಲೇಬೇಡಿ. ಏಷ್ಯಾದ ಬ್ರೂಕಿಡಿಯಸ್ ಟೆರೆನಸ್ ಇಂದು ಅಮೆರಿಕದಲ್ಲಿ ರೇಷ್ಮೆಬಾಗೆಯ ಬೀಜ ತಿನ್ನುತ್ತಿದೆ. ದೇಶ ದಾಟುವ ಬೀಜಕ್ಕೆ ಸಸ್ಯ ಸಂಗರೋಧದ (ಪ್ಲಾಂಟ್ ಕ್ವಾರಂಟೈನ್) ಪ್ರಮಾಣಪತ್ರ ಬೇಕೇ ಎಂದು ಮೊದಲೇ ವಿಚಾರಿಸಿ. ಪೊಟ್ಟಣದ ಚೀಟಿಯಲ್ಲಿ ಮರದ ಹೆಸರು, ಕಿತ್ತ ದಿನಾಂಕ, ಸೀಳಿ ನೋಡಿದಾಗ ಬಂದ ಹುಳುಕಿನ ಪ್ರಮಾಣ, ಫ್ರೀಜರ್‌ನಲ್ಲಿಟ್ಟ ದಿನಗಳು ಇಷ್ಟನ್ನು ಬರೆಯಿರಿ. ತೆಗೆದುಕೊಂಡವರು ಎಷ್ಟು ಬಿತ್ತಬೇಕೆಂದು ಲೆಕ್ಕ ಹಾಕುವುದು ಅದರಿಂದಲೇ.